ಪಾದರಕ್ಷೆಗಳ ಮರುಬಣ್ಣ

ಸವೆದು ಬಣ್ಣಗೆಟ್ಟ ಶೂ, ಚಪ್ಪಲಿಗಳ ಮೇಲ್ಭಾಗಕ್ಕೆ ಹೊಸದಾಗಿ ಬಣ್ಣ ಕೊಟ್ಟು ಮತ್ತೆ ಹಾಕಿಕೊಳ್ಳುವಂತೆ ಮಾಡುವ ಕೆಲಸ. ಬೀದಿಬದಿಯ ರಿಪೇರಿ ಅಂಗಡಿಗಳಲ್ಲಿ ಇದಕ್ಕೆ 'ಕಲರ್ ಹೊಡೆಯುವುದು' ಎನ್ನುತ್ತಾರೆ. ಕಾಲಿಗೆ ಹಾಕುವ ವಸ್ತುವಿಗೆ ಕನ್ನಡದಲ್ಲಿ ಮೆಟ್ಟು, ಕೆರ, ಎಕ್ಕಡ, ಜೋಡು ಎಂದು ಊರಿಗೊಂದು ಹೆಸರಿದ್ದರೂ ಅದರ ಬಣ್ಣದ ಕೆಲಸಕ್ಕೆ ಬಳಕೆಯಲ್ಲಿರುವುದು ಎರವಲು ಮಾತುಗಳೇ: ಪಾಲಿಶ್, ಡೈ, ಪೇಂಟ್. ಮೂರೂ ಒಂದೇ ಎಂದು ತಿಳಿಯುವವರೇ ಹೆಚ್ಚು. ಪಾಲಿಶ್ ಎಂದರೆ ಮೇಣ. ತೊಗಲಿನ ಮೇಲೆ ಕೂತು ಹೊಳಪನ್ನೂ ತುಸು ಬಣ್ಣವನ್ನೂ ಕೊಟ್ಟು ನಾಲ್ಕು ದಿನಕ್ಕೆ ಹೊರಟುಹೋಗುತ್ತದೆ. ಡೈ ನೀರಿನಂಥ ದ್ರವ. ತೊಗಲಿನ ನಾರಿನೊಳಗೆ ಇಳಿದು ನಾರಿಗೇ ಬಣ್ಣ ಹಿಡಿಸುತ್ತದೆ. ಪೇಂಟು ಒಳಗಿಳಿಯುವುದಿಲ್ಲ, ಮೇಲೆ ಹೊಸದೊಂದು ಪೊರೆಯಾಗಿ ಒಣಗುತ್ತದೆ. ಡೈ ಹಾಕಿ ತಿಳಿಬಣ್ಣವನ್ನು ಗಾಢ ಮಾಡಬಹುದೇ ಹೊರತು ಕಪ್ಪನ್ನು ಬಿಳಿ ಮಾಡಲಾಗದು. ಪೇಂಟಿಗೆ ಆ ತೊಡಕಿಲ್ಲ. ಅದರ ತೊಡಕೇ ಬೇರೆ: ಶೂ ಬಾಗುತ್ತದೆ.

ಗೋಡೆಗೆ ಬಳಿದ ಬಣ್ಣ ಬಳಿದಲ್ಲೇ ಇರುತ್ತದೆ. ಶೂವಿನ ಬಣ್ಣ ನಡೆಯಬೇಕು. ದಿನಕ್ಕೆ 5000 ಹೆಜ್ಜೆ ಹಾಕುವವರ ಒಂದೊಂದು ಶೂ ಬೆರಳಿನ ಬುಡದಲ್ಲಿ 2500 ಸಲ ಮಡಿಸಿ ನೆಟ್ಟಗಾಗುತ್ತದೆ. ತಿಂಗಳಿಗೆ 75,000 ಸಲ. ತೊಗಲಿನ ಕಾರ್ಖಾನೆಗಳಲ್ಲಿ ಇದನ್ನು ಪರೀಕ್ಷಿಸಲೆಂದೇ ಒಂದು ಯಂತ್ರವಿದೆ. ಸ್ವಿಟ್ಜರ್ಲೆಂಡಿನ ಬ್ಯಾಲಿ ಶೂ ಕಂಪನಿಯ ಹೆಸರು ಹೊತ್ತ ಅದು ತೊಗಲಿನ ತುಂಡೊಂದನ್ನು ಹಿಡಿದು ನಿಮಿಷಕ್ಕೆ ಸುಮಾರು 100 ಸಲ ಮಡಿಸುತ್ತ ಹೋಗುತ್ತದೆ. ಎಷ್ಟನೆಯ ಮಡಿಕೆಗೆ ಮೇಲಿನ ಬಣ್ಣ ಬಿರುಕು ಬಿಟ್ಟಿತು ಎಂದು ನೋಡಿ ಬರೆದುಕೊಳ್ಳುತ್ತಾರೆ. ಮರುಬಣ್ಣದ ಉಪಾಯಗಳೂ ಸೋಲುಗಳೂ ಬಹುಮಟ್ಟಿಗೆ ಹುಟ್ಟುವುದು ಈ ಮಡಿಕೆಯಲ್ಲೇ.

ಸವೆಯುವುದು ಯಾವುದು

ಅಂಗಡಿಯಿಂದ ತಂದ ಹೊಸ ಶೂವಿನಲ್ಲಿ ಕಣ್ಣಿಗೆ ಕಾಣುವುದು ಸಾಮಾನ್ಯವಾಗಿ ತೊಗಲಲ್ಲ, ತೊಗಲಿಗೆ ಕೊಟ್ಟ ಲೇಪ. ಹದ ಮಾಡಿದ ತೊಗಲಿನ ಮೇಲೆ ಮೊದಲು ಅಂಟಿನ ಪದರ, ಆಮೇಲೆ ಬಣ್ಣದ ಪುಡಿ ಬೆರೆತ ಪದರ, ಕೊನೆಗೆ ಹೊಳಪಿನ ಪಾರದರ್ಶಕ ಪದರ ಬೀಳುತ್ತವೆ. ಎಲ್ಲ ಸೇರಿ ಕೂದಲೆಳೆಯ ದಪ್ಪವೂ ಇರಬೇಕಿಲ್ಲ. ಲೇಪ 0.15 ಮಿಲಿಮೀಟರ್ ದಾಟಿದರೆ ಅದನ್ನು ಬರಿಯ 'ತೊಗಲು' ಎಂದು ಮಾರಬಾರದು, 'ಲೇಪಿತ ತೊಗಲು' ಎನ್ನಬೇಕು ಎಂಬುದು ಆ ವ್ಯಾಪಾರದ ಅಂತರರಾಷ್ಟ್ರೀಯ ಕಟ್ಟಳೆ. ಮೂತಿ ಕೆರೆದು ಬಿಳಿಚಿಕೊಂಡ ಶೂವಿನಲ್ಲಿ ಹೋಗಿರುವುದು ಈ ಲೇಪವಷ್ಟೇ. ಅಡಿಯ ತೊಗಲು ಗಟ್ಟಿಯಾಗಿಯೇ ಇರುತ್ತದೆ. ಇಂಥ ಶೂ ಮರುಬಣ್ಣಕ್ಕೆ ಹೇಳಿ ಮಾಡಿಸಿದ್ದು. ಇನ್ನು ಕೆಲವು ದುಬಾರಿ ಶೂಗಳಿಗೆ ಡೈ ಮಾತ್ರ ಕೊಟ್ಟು ಲೇಪವಿಲ್ಲದೆ ಬಿಟ್ಟಿರುತ್ತಾರೆ. ತಿಳಿಯುವ ಬಗೆ ಸುಲಭ: ಒಂದು ಹನಿ ನೀರು ಬಿಟ್ಟು ನೋಡುವುದು. ಹನಿ ಮುತ್ತಿನಂತೆ ನಿಂತರೆ ಲೇಪವಿದೆ. ಹೀರಿಕೊಂಡು ಅಲ್ಲಿ ಕಪ್ಪಾದರೆ ಲೇಪವಿಲ್ಲ. ಅಂಥದ್ದಕ್ಕೆ ಪೇಂಟು ಬಳಿದರೆ ತೊಗಲಿನ ಸಹಜ ಗೆರೆಗಳೆಲ್ಲ ಮುಚ್ಚಿ ಶೂ ಪ್ಲಾಸ್ಟಿಕ್ಕಿನಂತೆ ಕಾಣುತ್ತದೆ. ಅದಕ್ಕೆ ಡೈಯೇ ಸರಿ.

ಕಪ್ಪಿನ ಚರಿತ್ರೆ

ಶೂಗೆ ಬಣ್ಣ ಎಂದರೆ ಬಹುಕಾಲ ಕಪ್ಪು ಎಂದೇ ಅರ್ಥ. ಗಿಡದ ತೊಗಟೆ, ಕಾಯಿಗಳ ಒಗರಿನಿಂದ ಹದ ಮಾಡಿದ ತೊಗಲಿಗೆ ಕಬ್ಬಿಣದ ಲವಣ ತಾಗಿದರೆ ಸಾಕು, ಕಪ್ಪಾಗುತ್ತದೆ. ತುಕ್ಕು ಹಿಡಿದ ಮೊಳೆಗಳನ್ನು ವಿನೆಗರ್‌ನಲ್ಲಿ ವಾರಗಟ್ಟಲೆ ನೆನೆಹಾಕಿ ಆ ನೀರನ್ನು ಒರೆಸುವ ಪದ್ಧತಿ ಪಶ್ಚಿಮದ ತೊಗಲು ಕೆಲಸಗಾರರಲ್ಲಿ ಈಗಲೂ ಉಂಟು. ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿ ಹಾಕಿ ಬರೆಯುವ ಮಸಿ ಮಾಡುತ್ತಿದ್ದುದೂ ಇದೇ ರಸಾಯನ. ಇಲ್ಲಿ ಬಣ್ಣವನ್ನು ಹೊರಗಿನಿಂದ ತಂದು ಬಳಿದಂತಾಗುವುದಿಲ್ಲ, ಅದು ತೊಗಲಿನಲ್ಲೇ ಹುಟ್ಟುತ್ತದೆ. ಆದ್ದರಿಂದ ಎಷ್ಟು ಬಾಗಿಸಿದರೂ ಸುಲಿದು ಬರುವ ಮಾತೇ ಇಲ್ಲ.

ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡಿನಲ್ಲಿ ಶೂ ಕಪ್ಪು ಮಾಡುವ 'ಬ್ಲ್ಯಾಕಿಂಗ್' ಒಂದು ದೊಡ್ಡ ಉದ್ದಿಮೆಯಾಯಿತು. ಸುಟ್ಟ ಮೂಳೆಯ ಇದ್ದಿಲ ಪುಡಿ, ಕಾಕಂಬಿ, ವಿನೆಗರ್, ಎಣ್ಣೆ ಇದರ ಮುಖ್ಯ ಸಾಮಗ್ರಿ. ಕಾಕಂಬಿಯ ಅಂಟಿನಿಂದ ಮಸಿ ಶೂಗೆ ಕಚ್ಚಿಕೊಳ್ಳುತ್ತಿತ್ತು. ಮಳೆ ಬಂದರೆ ಕರಗಿ ಕಾಲುಚೀಲಕ್ಕೆ ಇಳಿಯುತ್ತಿತ್ತು. 1824ರಲ್ಲಿ ಲಂಡನ್ನಿನ ವಾರೆನ್ಸ್ ಬ್ಲ್ಯಾಕಿಂಗ್ ಕಾರ್ಖಾನೆಯಲ್ಲಿ ಈ ಮಸಿಯ ಕುಡಿಕೆಗಳಿಗೆ ಚೀಟಿ ಅಂಟಿಸುತ್ತಿದ್ದ 12 ವರ್ಷದ ಹುಡುಗನೊಬ್ಬ ಮುಂದೆ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ ಆದ. ತಂದೆ ಸಾಲಕ್ಕಾಗಿ ಸೆರೆಮನೆಯಲ್ಲಿದ್ದ ಆ ದಿನಗಳ ನೋವನ್ನು ಅವನು ಬದುಕಿರುವ ತನಕ ಆಪ್ತರೊಬ್ಬಿಬ್ಬರ ಬಳಿ ಬಿಟ್ಟರೆ ಹೇಳಿಕೊಳ್ಳಲಿಲ್ಲ. 1906ರಲ್ಲಿ ಮೆಲ್ಬರ್ನಿನಲ್ಲಿ ವಿಲಿಯಂ ರಾಮ್ಸೆ ಕೀವಿ ಪಾಲಿಶನ್ನು ಮಾರುಕಟ್ಟೆಗೆ ತಂದ; ಹೆಂಡತಿಯ ತವರು ನ್ಯೂಜಿಲೆಂಡ್, ಅದಕ್ಕೇ ಆ ಹಕ್ಕಿಯ ಹೆಸರು. ಮೊದಲ ಮಹಾಯುದ್ಧದ ಸೈನಿಕರ ಬೂಟುಗಳೊಂದಿಗೆ ಡಬ್ಬಿಯ ಮೇಣದ ಪಾಲಿಶ್ ಲೋಕ ಸುತ್ತಿತು, ಕಾಕಂಬಿಯ ಮಸಿ ಮೂಲೆಗೆ ಬಿತ್ತು.

ಇಷ್ಟು ಹೊತ್ತಿಗಾಗಲೇ ಕಲ್ಲಿದ್ದಲಿನ ಡಾಂಬರಿನಿಂದ ತೆಗೆದ ಅನಿಲೀನ್ ಬಣ್ಣಗಳು ಬಂದಿದ್ದವು. ಕಂದು ಶೂವನ್ನು ಒಂದೇ ಸಂಜೆಯಲ್ಲಿ ಕಪ್ಪು ಮಾಡುವ ದ್ರವಗಳು ಬಾಟಲಿಗಳಲ್ಲಿ ಸಿಗತೊಡಗಿದವು. ಕೆಲವುದರಲ್ಲಿ ಬಣ್ಣವನ್ನು ಕರಗಿಸಲು ಅನಿಲೀನ್ ಅಥವಾ ನೈಟ್ರೊಬೆಂಜೀನ್ ಬಳಸುತ್ತಿದ್ದರು. ಬಣ್ಣ ಪೂರ್ತಿ ಆರುವ ಮೊದಲೇ ಶೂ ಹಾಕಿಕೊಂಡವರಿಗೆ ಈ ವಿಷ ಪಾದದ ಚರ್ಮದ ಮೂಲಕ ರಕ್ತ ಸೇರುತ್ತಿತ್ತು. ಕೆಲವೇ ಗಂಟೆಗಳಲ್ಲಿ ತುಟಿ, ಉಗುರು ನೀಲಿಯಾಗಿ ತಲೆ ಸುತ್ತಿ ಬೀಳುವರು, ಮಕ್ಕಳಿಗೆ ಇನ್ನೂ ಅಪಾಯ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕ ಒಯ್ಯಲಾರದ ರೂಪಕ್ಕೆ ತಿರುಗುವುದು ಇದಕ್ಕೆ ಕಾರಣ. 20ನೇ ಶತಮಾನದ ಮೊದಲ ದಶಕಗಳ ವೈದ್ಯಕೀಯ ಪತ್ರಿಕೆಗಳಲ್ಲಿ ಇಂಥ ಹಲವು ಪ್ರಕರಣಗಳು ದಾಖಲಾಗಿವೆ. ನೃತ್ಯಕೂಟಕ್ಕೆಂದು ಬೂಟಿಗೆ ಬಣ್ಣ ಹಚ್ಚಿಸಿಕೊಂಡವರು ಆಸ್ಪತ್ರೆ ಸೇರುತ್ತಿದ್ದ ಕಾಲವೂ ಇತ್ತು ಎಂದು ಇಂದಿನ ನೀರುಮೂಲದ ಪೇಂಟುಗಳನ್ನು ಹೊಗಳುವಾಗ ನೆನೆಯಬೇಕು.

ಹೊಸ ಪೊರೆ

ಈಗ ತೊಗಲಿಗೆ ಬಳಸುವುದು ಅಕ್ರಿಲಿಕ್ ಪೇಂಟು. ಇದರಲ್ಲಿ ಪ್ಲಾಸ್ಟಿಕ್ಕಿನ ಅತಿ ಸಣ್ಣ ಕಣಗಳು ಬಣ್ಣದ ಪುಡಿಯೊಂದಿಗೆ ನೀರಿನಲ್ಲಿ ತೇಲುತ್ತಿರುತ್ತವೆ. ನೀರು ಆರಿದಂತೆ ಕಣಗಳು ಒತ್ತೊತ್ತಾಗಿ ಒಂದರೊಳಗೊಂದು ಬೆರೆತು ಪೊರೆಯಾಗುತ್ತವೆ. ಒಮ್ಮೆ ಪೊರೆಯಾದ ಮೇಲೆ ನೀರಿಗೆ ಕರಗದು. ಚಿತ್ರ ಬರೆಯುವ ಅಕ್ರಿಲಿಕ್ಕಿಗೂ ಇದಕ್ಕೂ ಇರುವ ವ್ಯತ್ಯಾಸ ಪೊರೆಯ ಮೃದುತ್ವದಲ್ಲಿದೆ: ತೊಗಲಿನ ಪೇಂಟಿಗೆ ರಬ್ಬರಿನಂತೆ ಎಳೆದರೆ ಹಿಗ್ಗುವ ಅಕ್ರಿಲಿಕ್ ಹಾಕಿರುತ್ತಾರೆ. ಲಾಸ್ ಏಂಜಲೀಸ್‌ನಲ್ಲಿ 1907ರಲ್ಲಿ ಪಾಲಿಶ್ ಕಂಪನಿಯಾಗಿ ಶುರುವಾದ ಏಂಜಲಸ್ ಇಂಥ ಪೇಂಟಿಗೆ ಇಂದು ಅತ್ಯಂತ ಹೆಸರಾದದ್ದು.

ಕೆಲಸದ ಮುಕ್ಕಾಲು ಪಾಲು ಬ್ರಷ್ ಅದ್ದುವ ಮೊದಲೇ ಮುಗಿದಿರಬೇಕು. ಮೂತಿ ಕೆರೆದ ಒಂದು ಜೊತೆ ಕಂದು ಆಫೀಸ್ ಶೂವನ್ನೇ ತೆಗೆದುಕೊಳ್ಳೋಣ. ಲೇಸು ಬಿಚ್ಚಿ, ಅಂಚಿನ ಹೊಲಿಗೆಯಲ್ಲಿ ಕೂತ ಮಣ್ಣನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಕೆದಕಿ, ಸೋಪಿನ ನೀರಲ್ಲಿ ಒರೆಸಿ, ಒಳಗೆ ಕಾಗದ ತುರುಕಿ ಒಂದು ರಾತ್ರಿ ನೆರಳಲ್ಲಿ ಆರಲು ಬಿಡಬೇಕು. ಮರುದಿನ ಹತ್ತಿಯಲ್ಲಿ ಅಸಿಟೋನ್ ತೆಗೆದುಕೊಂಡು ಉಜ್ಜಿದರೆ ಮೊದಲ ಉಜ್ಜಿಗೇ ಹತ್ತಿ ಕಂದಾಗುತ್ತದೆ: ವರ್ಷಗಟ್ಟಲೆ ತಿಕ್ಕಿದ ಪಾಲಿಶ್ಶಿನ ಮೇಣ ಅದು. ನಾಲ್ಕೈದು ಹತ್ತಿ ಬದಲಿಸಿದ ಮೇಲೆ ಕಾರ್ಖಾನೆಯ ಹೊಳಪು ಪದರವೂ ಬಿಟ್ಟು ಶೂ ಮಂಕಾಗುತ್ತದೆ. ಹೊಳಪು ಎಲ್ಲಿ ಉಳಿದಿದೆಯೋ ಅಲ್ಲಿಂದಲೇ ಮುಂದೆ ಪೇಂಟು ಎದ್ದು ಬರುವುದು. ಮೂತಿಯ ಕೆರೆತವನ್ನು ನಯವಾದ ಉಪ್ಪುಕಾಗದದಿಂದ ಸಮ ಮಾಡಿ, ಆಳವಾದ ಗಾಯವಿದ್ದರೆ ತೊಗಲಿಗೆಂದೇ ಬರುವ ಮೆತ್ತೆಯಿಂದ ತುಂಬುತ್ತಾರೆ.

ಮೊದಲ ಕೈ ಪೇಂಟಿಗೆ ನೀರು ಬೆರೆಸಿ ತೆಳ್ಳಗೆ ಹಚ್ಚಬೇಕು. ಅದು ಗೆರೆಗೆರೆಯಾಗಿ, ಹಳೆಯದಕ್ಕಿಂತ ಕೆಟ್ಟದಾಗಿ ಕಾಣುತ್ತದೆ. ಕಲಿಯುವವರು ಎಡವುವುದು ಇಲ್ಲೇ; ಗಾಬರಿಬಿದ್ದು ಎರಡನೆಯ ಕೈಯನ್ನು ದಪ್ಪಗೆ ಬಳಿದುಬಿಡುತ್ತಾರೆ. ದಪ್ಪ ಪದರದ ಮೇಲ್ಭಾಗ ಒಣಗಿ ಒಳಗು ಹಸಿಯಾಗಿ ಉಳಿದು, ವಾರದೊಳಗೆ ಬೆರಳ ಬುಡದಲ್ಲಿ ಒಣಗಿದ ಕೆರೆಯಂತೆ ಬಿರಿಯುತ್ತದೆ. ಕಾಲು ಗಂಟೆ, ಇಪ್ಪತ್ತು ನಿಮಿಷ ಆರಲು ಬಿಟ್ಟು ಮತ್ತೊಂದು ತೆಳು ಕೈ. ಹೀಗೆ ಮೂರರಿಂದ ಐದು. ಮಡಿಕೆಯ ಜಾಗಕ್ಕೆ ಹಚ್ಚುವಾಗ ಎಡಗೈಯನ್ನು ಶೂವಿನೊಳಗೆ ತೂರಿಸಿ ಬೆರಳಿನಿಂದ ಗೆರೆಗಳನ್ನು ಹಿಗ್ಗಿಸಿ ಹಿಡಿಯಬೇಕು, ಇಲ್ಲದಿದ್ದರೆ ಮೊದಲ ಹೆಜ್ಜೆಗೇ ಗೆರೆಯೊಳಗಿನ ಹಳೆಯ ಬಣ್ಣ ಇಣುಕುತ್ತದೆ. ಗಾಢ ಬಣ್ಣದ ಮೇಲೆ ಹಳದಿ, ಕೆಂಪು ಬೇಕಿದ್ದರೆ ಕೆಳಗೊಂದು ಬಿಳಿಯ ಪದರ ಅಗತ್ಯ. ಕೊನೆಗೆ ಪಾರದರ್ಶಕ ಅಕ್ರಿಲಿಕ್ಕಿನ ಒಂದೆರಡು ಕೈ. ಮುಟ್ಟಿದರೆ ಒಣಗಿದೆ ಅನ್ನಿಸಿದರೂ ಎರಡು ಮೂರು ದಿನ ಹಾಕದೆ ಇಡುವುದು ಮೇಲು.

ಅಸಿಟೋನ್ ಬೇಗ ಹೊತ್ತಿಕೊಳ್ಳುವ ವಸ್ತು. ಗ್ಯಾಸ್ ಒಲೆ ಇರುವ ಅಡುಗೆಮನೆಯಲ್ಲಿ ಈ ಕೆಲಸ ಕೂಡದು. ನೀರು ತಡೆಯಲೆಂದು ಮೇಲೆ ಹೊಡೆಯುವ ಸ್ಪ್ರೇಗಳ ತುಂತುರು ಉಸಿರಿಗೆ ಹೋಗಿ ಶ್ವಾಸಕೋಶ ಊದಿಕೊಂಡ ನಿದರ್ಶನಗಳಿವೆ, ಅವನ್ನು ಬಯಲಲ್ಲೇ ಬಳಸಬೇಕು.

ತೊಗಲಲ್ಲದವು

ಕ್ಯಾನ್ವಾಸಿಗೆ ಅಸಿಟೋನ್ ಬೇಡ, ಚೆನ್ನಾಗಿ ಒಗೆದರೆ ಸಾಕು. ಸ್ಟೇಷನರಿ ಅಂಗಡಿಯಲ್ಲಿ ಸೀರೆ, ದಿಂಬಿನ ಚೀಲಕ್ಕೆಂದು ಸಿಗುವ ಫ್ಯಾಬ್ರಿಕ್ ಪೇಂಟೇ ಇದಕ್ಕೂ ಆಗುತ್ತದೆ. ನೂಲು ಹೀರಿಕೊಳ್ಳುವುದರಿಂದ ಬಣ್ಣಕ್ಕೆ ಹಿಡಿತ ಚೆನ್ನಾಗಿರುತ್ತದೆ. ಕಷ್ಟವಿರುವುದು ಬಿಳಿಯದರಲ್ಲಿ. ಶನಿವಾರ ಬಿಳಿ ಸಮವಸ್ತ್ರ ತೊಡಬೇಕಿದ್ದ ಶಾಲೆಗಳ ಮಕ್ಕಳಿಗೆ ಶುಕ್ರವಾರದ ಸಂಜೆ ಎಂದರೆ ಕ್ಯಾನ್ವಾಸ್ ಶೂ ತೊಳೆಯುವ ಸಂಜೆ. ಕಾಂಪೌಂಡ್ ಗೋಡೆಯ ಮೇಲೆ ಮೂತಿ ಮೇಲೆ ಮಾಡಿ ಒಣಗಿಸಿದ ಶೂವಿನ ಅಂಚಿಗೆ ಬೆಳಗ್ಗೆ ಹಳದಿ ಕಲೆ ನಿಂತಿರುತ್ತಿತ್ತು. ಸೋಪು ಮತ್ತು ಕೊಳೆ ನೀರಿನೊಂದಿಗೆ ಅಂಚಿಗೆ ಸರಿದು ಅಲ್ಲೇ ಒಣಗುವುದರಿಂದ ಹೀಗಾಗುತ್ತದೆ. ಒದ್ದೆ ಶೂಗೆ ಬಿಳಿ ಕಾಗದ ಸುತ್ತಿಟ್ಟರೆ ಹಳದಿ ಕಾಗದಕ್ಕೆ ಏರುತ್ತದೆ. ಇದು ಗೊತ್ತಿಲ್ಲದವರು ತರಗತಿಯಿಂದ ತಂದ ಸೀಮೆಸುಣ್ಣದ ತುಂಡನ್ನು ಉಜ್ಜುತ್ತಿದ್ದರು. ಪಿಟಿ ಮೇಷ್ಟ್ರ ತಪಾಸಣೆ ಮುಗಿಯುವ ತನಕ ಅದು ನಿಲ್ಲುತ್ತಿತ್ತು. ಮೊದಲ ಜಿಗಿತಕ್ಕೆ ಕಾಲ ಸುತ್ತ ಬಿಳಿ ಹೊಗೆ ಏಳುತ್ತಿತ್ತು. ನಗುವ ಸಂಗತಿಯೇನಲ್ಲ. ಬ್ರಿಟಿಷ್ ಸೇನೆ 19ನೇ ಶತಮಾನದ ಕೊನೆಯಿಂದ ಬಳಸಿದ 'ಬ್ಲಾಂಕೋ' ಎಂಬ ಬಿಳಿ ಬಿಲ್ಲೆಯೂ, ಕ್ರಿಕೆಟಿಗರು ಬೂಟಿಗೂ ಪ್ಯಾಡಿಗೂ ಹಚ್ಚುತ್ತಿದ್ದುದೂ ಇದೇ ಜಾತಿಯದು.

ಸ್ವೇಡ್ ಎಂಬ ಜುಂಗು ತೊಗಲಿಗೆ ಪೇಂಟು ಹಚ್ಚಿದರೆ ಜುಂಗು ಅಂಟಿಕೊಂಡು ಗಡುಸಾಗುತ್ತದೆ. ಅದಕ್ಕೆ ಡೈ ಮಾತ್ರ. ರೆಕ್ಸಿನ್ನಿನ ಪಿವಿಸಿಯಲ್ಲಿ ಮೃದುವಾಗಲೆಂದು ಬೆರೆಸಿದ ಎಣ್ಣೆಯಂಥ ವಸ್ತು ನಿಧಾನವಾಗಿ ಮೇಲೆ ಬಂದು ಪೇಂಟನ್ನು ಸದಾ ಅಂಟಂಟಾಗಿ ಇಡುತ್ತದೆ. ಪಿಯು ಹೊದಿಕೆಯ ಶೂಗಳ ಗತಿ ಇನ್ನೂ ಕಷ್ಟ. ಗಾಳಿಯ ತೇವಕ್ಕೆ ಪಾಲಿಯುರೆಥೇನ್ ತಾನಾಗಿ ಒಡೆಯುತ್ತ ಹೋಗುತ್ತದೆ. ಹಪ್ಪಳದಂತೆ ಏಳುತ್ತಿರುವ ಹೊದಿಕೆಗೆ ಬಣ್ಣ ಹಚ್ಚಿದರೆ ಬಣ್ಣವೂ ಅದರ ಜೊತೆ ಏಳುತ್ತದೆ.

ರಂಗದ ಮೇಲೆ

ಬಾಳಿಕೆಯ ಚಿಂತೆಯಿಲ್ಲದೆ ಶೂಗೆ ಬಣ್ಣ ಹಚ್ಚುವ ಜಾಗವೆಂದರೆ ರಂಗಭೂಮಿ ಮತ್ತು ಸಿನಿಮಾ. 1939ರ 'ದಿ ವಿಝರ್ಡ್ ಆಫ್ ಆಝ್' ಚಿತ್ರದಲ್ಲಿ ನಾಯಕಿಯ ಮಾಣಿಕ್ಯದ ಬಣ್ಣದ ಶೂಗಳು ಅಸಲಿಗೆ ಬಿಳಿ ರೇಷ್ಮೆಯವು. ಕೆಂಪು ಡೈ ಹಾಕಿ, ಮೇಲೆ ಮಿಂಚುಬಿಲ್ಲೆಗಳ ಬಟ್ಟೆ ಹೊಲಿದಿದ್ದರು. ಮೂಲ ಕಾದಂಬರಿಯಲ್ಲಿ ಅವು ಬೆಳ್ಳಿಯವು. ಆಗ ಹೊಸದಾಗಿದ್ದ ಟೆಕ್ನಿಕಲರ್‌ನಲ್ಲಿ ಕೆಂಪು ಎದ್ದು ಕಾಣುತ್ತದೆಂದು ಬದಲಿಸಿದರು. ಉಳಿದಿರುವ ಜೊತೆಗಳಲ್ಲಿ ಒಂದು 2005ರಲ್ಲಿ ಮಿನೆಸೋಟದ ವಸ್ತುಸಂಗ್ರಹಾಲಯದಿಂದ ಕಳುವಾಗಿ, 2018ರಲ್ಲಿ ಸಿಕ್ಕಿ, 2024ರ ಡಿಸೆಂಬರ್‌ನಲ್ಲಿ 2.8 ಕೋಟಿ ಡಾಲರಿಗೆ ಹರಾಜು ಕೂಗಿಸಿಕೊಂಡಿತು.

ಬ್ಯಾಲೆಯ ಕಥೆ ಇದಕ್ಕಿಂತ ಗಂಭೀರ. ಬೆರಳ ತುದಿಯಲ್ಲಿ ನಿಲ್ಲಲು ತೊಡುವ ಸ್ಯಾಟಿನ್ ಶೂಗಳು ಬಹುಕಾಲದಿಂದ ಸಾಮಾನ್ಯವಾಗಿ ತಿಳಿ ಗುಲಾಬಿ, ಅಂದರೆ ಬಿಳಿಯರ ಮೈಬಣ್ಣಕ್ಕೆ ಹತ್ತಿರದ್ದು. ಕಾಲಿನ ಗೆರೆ ಸೊಂಟದಿಂದ ಬೆರಳ ತುದಿಯವರೆಗೆ ತುಂಡಾಗದೆ ಕಾಣಬೇಕೆಂಬುದು ಇದರ ಉದ್ದೇಶ. ಕಪ್ಪು ಮೈಬಣ್ಣದವರಿಗೆ ಅದೇ ಶೂ ಪಾದವನ್ನು ಕತ್ತರಿಸಿಟ್ಟಂತೆ ತೋರಿಸುತ್ತದೆ. ಆರ್ಥರ್ ಮಿಚೆಲ್ ಮತ್ತು ಕರೆಲ್ ಶೂಕ್ 1969ರಲ್ಲಿ ಕಟ್ಟಿದ ಡಾನ್ಸ್ ಥಿಯೇಟರ್ ಆಫ್ ಹಾರ್ಲೆಮ್ ತಂಡದಲ್ಲಿ ಪ್ರತಿಯೊಬ್ಬರೂ ತಮ್ಮ ಮೈಬಣ್ಣಕ್ಕೆ ಹೊಂದುವಂತೆ ಶೂ, ರಿಬ್ಬನ್‌ಗಳಿಗೆ ಬಣ್ಣ ಕೊಡುವ ಪದ್ಧತಿ ಬೆಳೆಯಿತು. ಹಚ್ಚುತ್ತಿದ್ದುದು ಮುಖಕ್ಕೆ ಬಳಿಯುವ, ನಮ್ಮ ನಾಟಕದವರಿಗೂ ಗೊತ್ತಿರುವ ಪ್ಯಾನ್‌ಕೇಕ್. ಸ್ಪಂಜನ್ನು ಒದ್ದೆ ಮಾಡಿ ಒಂದೊಂದು ಜೊತೆಗೂ ಬಿಡದೆ ತಟ್ಟಬೇಕು. ಹೆಚ್ಚು ಒದ್ದೆಯಾದರೆ ಅಂಟು, ಬಟ್ಟೆಗಳಿಂದ ಕಟ್ಟಿದ ಮೂತಿ ಮೆತ್ತಗಾಗುತ್ತದೆ. ಮುಖ್ಯ ಪಾತ್ರಧಾರಿಗೆ ಒಂದು ಜೊತೆ ಒಂದೇ ಪ್ರದರ್ಶನಕ್ಕೆ ಸವೆದು ಹೋಗುವುದುಂಟು, ಮರುದಿನ ಮತ್ತೆ ಅದೇ ಕೆಲಸ. ಲಂಡನ್ನಿನ ಫ್ರೀಡ್ ಕಂಪನಿ 'ಬ್ಯಾಲೆ ಬ್ಲ್ಯಾಕ್' ತಂಡದ ಜೊತೆಗೂಡಿ ಕಂದು ಮತ್ತು ಕಂಚಿನ ಬಣ್ಣದ ಶೂಗಳನ್ನು ತಯಾರಿಸಿದ್ದು 2018ರಲ್ಲಿ. ಅಲ್ಲಿಯವರೆಗೆ ಆ ಕಂಪನಿಯ ಶೂ ತೊಡುತ್ತಿದ್ದ ಕಪ್ಪು ನರ್ತಕಿಯರಿಗೆ ಮರುಬಣ್ಣ ಹವ್ಯಾಸವಾಗಿರಲಿಲ್ಲ.

ಮರೆಮಾಚಲು, ಮೆರೆಸಲು

ಮೇಲೆ ಹೇಳಿದ್ದೆಲ್ಲ ಬಣ್ಣ ಹಚ್ಚಿದ್ದು ಗೊತ್ತಾಗಬಾರದು ಎಂಬ ಬಗೆ. ಗೊತ್ತಾಗಲೇಬೇಕು ಎಂಬ ಇನ್ನೊಂದು ಬಗೆಯೂ ಹಳೆಯದೇ. ಫ್ರಾನ್ಸಿನ ದೊರೆ ಹದಿನಾಲ್ಕನೇ ಲೂಯಿಯ ಶೂವಿನ ಹಿಮ್ಮಡಿ ಕೆಂಪು. 1701ರಲ್ಲಿ ಚಿತ್ರಕಾರ ರಿಗೊ ಬರೆದ ಅವನ ಪ್ರಸಿದ್ಧ ಭಾವಚಿತ್ರದಲ್ಲಿ ಅದನ್ನು ನೋಡಬಹುದು. ಪ್ಯಾರಿಸ್ಸಿನದೇ ವಿನ್ಯಾಸಕಾರ ಕ್ರಿಸ್ಟಿಯನ್ ಲೂಬುಟನ್ 1990ರ ದಶಕದ ಆರಂಭದಲ್ಲಿ ಸಪ್ಪೆಯಾಗಿ ಕಂಡ ಮಾದರಿ ಶೂವಿನ ಅಟ್ಟೆಗೆ ಸಹಾಯಕಿಯ ಕೈಲಿದ್ದ ಉಗುರುಬಣ್ಣ ಬಳಿದ. ಆ ಕೆಂಪು ಅಟ್ಟೆ 2012ರ ಹೊತ್ತಿಗೆ ಅಮೆರಿಕದ ಮೇಲ್ಮನವಿ ನ್ಯಾಯಾಲಯ ಎತ್ತಿಹಿಡಿದ ಟ್ರೇಡ್‌ಮಾರ್ಕ್ ಆಗಿತ್ತು. ಮೇಲ್ಭಾಗ ಬೇರೆ ಬಣ್ಣದ್ದಾಗಿದ್ದರೆ ಮಾತ್ರ ಎಂಬುದು ತೀರ್ಪಿನ ಷರತ್ತು. 1895ರಲ್ಲಿ ಆರಂಭವಾದ ಬರ್ಲುಟಿ ಶೂ ಸಂಸ್ಥೆಯಲ್ಲಿ ಓಲ್ಗಾ ಬರ್ಲುಟಿ 1980ರ ದಶಕದಲ್ಲಿ 'ಪಟೀನಾ' ತಂದರು. ಬಣ್ಣ ಕಳೆದ ತೊಗಲಿಗೆ ಡೈಯನ್ನು ಪದರ ಪದರವಾಗಿ ತೀಡಿ, ಹೊಸ ಶೂಗೆ ಹಳೆಯದರ ಗಾಂಭೀರ್ಯ ಬರಿಸುವ ಕಲೆ ಅದು. ಹಳೆಯದನ್ನು ಹೊಸದಾಗಿ ಕಾಣಿಸಲು ಬಡವರು ಪಡುವ ಪಾಡಿಗಿಂತ ಇದಕ್ಕೆ ಎಷ್ಟೋ ಪಾಲು ಹೆಚ್ಚು ಬೆಲೆ.

ಸ್ನೀಕರ್‌ಗಳಿಗೆ ಚಿತ್ರ ಬರೆಯುವ ಚಟ ಅಮೆರಿಕದ ಹುಡುಗರದ್ದು. ಕ್ಯಾಲಿಫೋರ್ನಿಯದ ಅನಹೈಮ್‌ನಲ್ಲಿ 1966ರಲ್ಲಿ ಶುರುವಾದ ವ್ಯಾನ್ಸ್ ಕಂಪನಿಯವರು, ಹುಡುಗರು ಶೂವಿನ ಬಿಳಿ ರಬ್ಬರ್ ಅಂಚಿಗೆ ಪೆನ್ನಿನಿಂದ ಚೌಕುಳಿ ತುಂಬುತ್ತಿದ್ದುದನ್ನು ಕಂಡು ಅದನ್ನೇ ತಮ್ಮ ವಿನ್ಯಾಸ ಮಾಡಿಕೊಂಡರು. 1982ರಲ್ಲಿ ಬಂದ ನೈಕಿಯ ಏರ್ ಫೋರ್ಸ್ 1, ಅದರಲ್ಲೂ ಪೂರ್ತಿ ಬಿಳಿಯದು, ಚಿತ್ರಗಾರರಿಗೆ ಬಯಲು ಹಾಳೆಯಾಯಿತು. ತನ್ನ ಶೂಗೆ ತಾನೇ ಬಣ್ಣ ಹಚ್ಚಿಕೊಂಡರೆ ಯಾರ ತಕರಾರೂ ಇಲ್ಲ. ಹಚ್ಚಿ ಮಾರಿದರೆ ವಿಷಯ ಬೇರೆ. 2021ರ ಮಾರ್ಚ್‌ನಲ್ಲಿ ಎಂಎಸ್‌ಸಿಎಚ್‌ಎಫ್ ಎಂಬ ಕಲಾತಂಡ ಗಾಯಕ ಲಿಲ್ ನಾಸ್ ಎಕ್ಸ್ ಜೊತೆಗೂಡಿ 666 ಜೊತೆ ಏರ್ ಮ್ಯಾಕ್ಸ್ 97 ಶೂಗಳನ್ನು 'ಸೈತಾನ ಶೂ' ಎಂದು ಮಾರ್ಪಡಿಸಿ ಮಾರಿತು. ನೈಕಿ ದಾವೆ ಹೂಡಿತು. ಮುಂದಿನ ತಿಂಗಳೇ ರಾಜಿಯಾಗಿ, ಬೇಡವೆಂದವರಿಂದ ಮೂಲ ಬೆಲೆಗೆ ವಾಪಸ್ ಕೊಳ್ಳಲು ತಂಡ ಒಪ್ಪಿತು. ಭಾರತದ 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ 30ನೇ ಕಲಮೂ, ಮಾರುಕಟ್ಟೆಗೆ ಬಂದ ಮೇಲೆ ಸರಕಿನ ಸ್ಥಿತಿ ಬದಲಾಗಿದ್ದರೆ ಅದರ ಮರುಮಾರಾಟವನ್ನು ಗುರುತಿನ ಒಡೆಯ ಆಕ್ಷೇಪಿಸಬಹುದು ಎನ್ನುತ್ತದೆ.

ಕರ್ನಾಟಕದಲ್ಲಿ

ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡ ಜಿಲ್ಲೆಗಳು ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಂದಿಗೆ 2019ರಲ್ಲಿ ಕೊಲ್ಹಾಪುರಿ ಚಪ್ಪಲಿಯ ಭೌಗೋಳಿಕ ಸೂಚಕವನ್ನು ಹಂಚಿಕೊಂಡಿವೆ. ಅಥಣಿ ಸೀಮೆಯ ಈ ಕಸುಬಿನಲ್ಲಿ ತೊಗಲನ್ನೇ ಚೀಲದಂತೆ ಹೊಲಿದು, ಜಾಲಿ ತೊಗಟೆ ಮತ್ತು ಅಳಲೆಕಾಯಿಯ ನೀರು ತುಂಬಿ ತೂಗುಹಾಕಿ ಹದ ಮಾಡುತ್ತಿದ್ದರು. ಇಂಥ ಚಪ್ಪಲಿಗೆ ಲೇಪವಿಲ್ಲ. ಕಾಲಿನ ಬೆವರು, ಬಿಸಿಲು, ಎಣ್ಣೆ ಸೇರಿ ಅದು ತಾನಾಗಿ ಕಪ್ಪೇರುತ್ತದೆ. ಮಂಕಾಯಿತೆಂದು ಅಕ್ರಿಲಿಕ್ ಬಳಿಯುವುದು ಕೆಟ್ಟ ಯೋಚನೆ. ಗಟ್ಟಿ ಅಟ್ಟೆಯ ಅಂಚಿನಲ್ಲಿ, ಉಂಗುಟದ ಬುಡದಲ್ಲಿ ಮೊದಲು ಸುಲಿಯುತ್ತದೆ. ಎಣ್ಣೆ ತಿಕ್ಕಿ ನೆರಳಲ್ಲಿಟ್ಟರೆ ಅದಕ್ಕೆ ಸಾಕು.

ಚರ್ಮೋದ್ಯಮಕ್ಕೆಂದು ರಾಜ್ಯ ಸರ್ಕಾರ ಕಟ್ಟಿದ ಲಿಡ್ಕರ್ ನಿಗಮವಿದೆ, ಚೆನ್ನೈಯಲ್ಲಿ 1948ರಿಂದ ಕೇಂದ್ರ ಚರ್ಮ ಸಂಶೋಧನಾ ಸಂಸ್ಥೆಯಿದೆ. ಆದರೆ ಹಳೆಯ ಶೂವಿನ ಬಣ್ಣದ ವಿದ್ಯೆ ಉಳಿದಿರುವುದು ಬಸ್ ನಿಲ್ದಾಣ, ಮಾರುಕಟ್ಟೆಗಳ ಪಕ್ಕ ಕೊಡೆ ನೆಟ್ಟು ಕೂತವರ ಕೈಯಲ್ಲಿ. ರಂಪಿಗೆ, ಉಳಿ, ಮೇಣದ ದಾರಗಳ ಪಕ್ಕ ಕಪ್ಪು, ಕಂದು ಡೈಗಳ ಎರಡು ಬಾಟಲಿ, ಕಡ್ಡಿಗೆ ಸುತ್ತಿದ ಬಟ್ಟೆ, ಸಾಮಾನು ಅಷ್ಟೇ. ಬೇರೆ ಬಣ್ಣ ಕೇಳಿದರೆ ಆ ಎರಡನ್ನೇ ಮುಚ್ಚಳದಲ್ಲಿ ಬೆರೆಸಿ, ಶೂವಿನ ನಾಲಗೆಯ ಅಡಿಯಲ್ಲಿ ಒಂದು ಗೆರೆ ಎಳೆದು ತೋರಿಸುತ್ತಾರೆ, ಒಪ್ಪಿದರೆ ಮುಂದಿನದು. ಅದಕ್ಕೂ ಮೊದಲು ಅವರು ಮಾಡುವುದೊಂದಿದೆ. ಶೂ ಕೈಗೆ ಬಂದೊಡನೆ ಮೂತಿಯನ್ನೂ ಹಿಮ್ಮಡಿಯನ್ನೂ ಹಿಡಿದು ಒಮ್ಮೆ ಮಡಿಸುತ್ತಾರೆ. ಮಡಿಕೆಯಲ್ಲಿ ಹೊದಿಕೆ ಚಕ್ಕೆಯೆದ್ದರೆ, ಅಟ್ಟೆಯಿಂದ ಪುಡಿ ಉದುರಿದರೆ ಬಾಟಲಿಯ ಮುಚ್ಚಳ ತೆಗೆಯುವುದಿಲ್ಲ, 'ಇದಕ್ಕೆ ದುಡ್ಡು ಹಾಕ್ಬೇಡಿ ಸಾರ್' ಎಂದು ವಾಪಸ್ ಕೊಡುತ್ತಾರೆ.